ಮಿರಗದ ಮಳೆಗೆ ಮುಂಚೆ ಅವ್ವನ ಕೌದಿ

ಯುಗಾದಿಗೆ ಊರಿಗೆ ಹೋದವಳು ಬರುವಾಗ ಅಟ್ಟದ ಮೇಲಿದ್ದ ಕೌದಿಯನ್ನು, ಅಂದರೆ ಹಳೇ ಅರಿವೆ ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆಯನ್ನು, ಹೊತ್ತು ತಂದೆ. ನವಲಗುಂದದ ಕಡೆಯ ಎರಿ ನೆಲದ ಊರು ನಮ್ಮದು. ಹಿಂದೆ ಮನೆತುಂಬ ಕೌದಿಗಳಿದ್ದವು, ಈಗ ಉಳಿದದ್ದು ಇದೊಂದೇ. ಅದನ್ನೂ ಜೋಳದ ಚೀಲಗಳಿಗೆ ಧೂಳು ಬೀಳದಂತೆ ಹೊದಿಸಿಟ್ಟಿದ್ದರು. ಬಿಡಿಸಿ ಅಂಗಳದ ಹಗ್ಗದ ಮೇಲೆ ಹಾಕಿದರೆ ಬಿಸಿಲು ಮೂರು ಕಡೆ ಈಚೆಗೆ ತೂರಿ ಬರುತ್ತಿತ್ತು. ಕಾಲ ಕಡೆಗೆ ಎರಡು ಅಂಗೈ ಅಗಲದ ತೂತು. ನಾಲ್ಕು ಅಂಚಿನಲ್ಲಿ ಮೂರು ಸವೆದು ಒಳಗಿನ ಅರಿವೆ ಹೊರಗೆ ಇಣುಕುತ್ತಿತ್ತು. ನಡುವೆ ಹೊಲಿಗೆ ಬಿಟ್ಟಲ್ಲಿ ಒಳಪದರ ಸರಿದು ಗಂಟುಗಟ್ಟಿತ್ತು, ಅದರ ಪಕ್ಕದಲ್ಲೇ ಟೊಳ್ಳು.

ಅವ್ವ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಎಣ್ಣೆಹೋಳಿಗೆಯ ದಪ್ಪ ನೋಡುವವರ ಹಾಗೆ ಉದ್ದಕ್ಕೂ ಸವರುತ್ತ ಬಂದಳು. "ಮ್ಯಾಲಿನ ಅರಿವಿ ಹರದೈತಿ. ಒಳಗಿಂದು ಗಟ್ಟಿ ಐತಿ. ಇದಕ್ಕ ಇನ್ನೊಂದ ಮೈ ಹಚ್ಚಿದ್ರ ಮತ್ತ ಇಪ್ಪತ್ತ ವರ್ಷ ಬರತೈತಿ ನೋಡು" ಅಂದಳು. ಆ ಮಾತಿನ ಮೇಲೆ ಕೆಲಸ ಶುರುವಾಯಿತು.

ಗಡುವು ಮಿರಗ. ಜೂನ್ 7, 8ರ ಹೊತ್ತಿಗೆ ಮೃಗಶಿರ ಮಳೆ ಕೂಡುತ್ತದೆ. ಅಷ್ಟರೊಳಗೆ ಮುಗಿಯದಿದ್ದರೆ ದಪ್ಪ ಅರಿವೆ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ನಮ್ಮ ಕಡೆ ಕೌದಿ ಹೊಲಿಯುವ ಕೆಲಸಕ್ಕೆ ಬೇಸಿಗೆಯೇ ಸರಿ. ಹೊಲದ ಕೆಲಸ ಕಡಿಮೆ, ಬಿಸಿಲು ಹೇರಳ, ಪಡಸಾಲೆಯಲ್ಲಿ ಹರವಿ ಬಿಟ್ಟರೆ ಯಾರಿಗೂ ಅಡ್ಡಿಯಿಲ್ಲ. ನಾನು ಚಿಕ್ಕವಳಿದ್ದಾಗ ಗೋಂದಳಿ ಸಮುದಾಯದ ಹೆಂಗಸರು ಓಣಿಗೆ ಬಂದು, ಹಳೇ ಸೀರೆ ಧೋತರ ಇಸಿದುಕೊಂಡು, ಕಟ್ಟೆಯ ಮೇಲೆ ಕೂತು ಹೊಲಿದುಕೊಡುತ್ತಿದ್ದರು. ಕೂಲಿ ಅಂತ ಜೋಳ, ಒಂದಿಷ್ಟು ದುಡ್ಡು.

ಬಿಚ್ಚಿದ್ದು

ಧಾರವಾಡದ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಅದರ ಮೇಲೆ ಕೌದಿ ಹರವಿದೆ. ಅಳತೆ 7 ಅಡಿ ಉದ್ದ, 5 ಅಡಿ ಅಗಲ. ಚೀಲ ತೂಗುವ ಕೊಕ್ಕೆಯ ತಕ್ಕಡಿಗೆ ನೇತುಹಾಕಿದರೆ 2 ಕೆಜಿ 300 ಗ್ರಾಂ.

ಹಳೇ ಹೊಲಿಗೆ ಬಿಚ್ಚುವಾಗ ದಾರ ಎಳೆಯಬಾರದು, ಎಳೆದರೆ ಸವೆದ ಅರಿವೆ ದಾರದ ಜೊತೆಗೇ ಸೀಳಿ ಬರುತ್ತದೆ. ಸಣ್ಣ ಕತ್ತರಿಯ ತುದಿಯಿಂದ ಮೂರು ಟಾಕಿಗೊಂದರಂತೆ (ಸೂಜಿ ಒಮ್ಮೆ ಇಳಿದು ಎದ್ದರೆ ಒಂದು ಟಾಕಿ) ಕತ್ತರಿಸಿ, ಕೌದಿ ಮಗುಚಿ, ಹಿಂದಿನಿಂದ ತುಂಡು ತುಂಡಾಗಿ ಹೆಕ್ಕಿದೆ. ಮೂರು ಸಂಜೆ ಹಿಡಿಯಿತು.

ಮೇಲಿನದು ಅವ್ವನ ನೀಲಿ ಚೌಕಡಿ ಸೀರೆ. ಅದು ಬಿಟ್ಟ ಕೂಡಲೇ ಪುಡಿಪುಡಿಯಾಯಿತು, ಒರೆಸುವ ಬಟ್ಟೆಗೂ ಆಗಲಿಲ್ಲ. ಅದರ ಕೆಳಗೆ ಅಪ್ಪನ ಧೋತರ, ಅರ್ಧ ಮಾತ್ರ ಗಟ್ಟಿ. ಅದನ್ನು ಎತ್ತಿದರೆ ಒಳಗೆ ಮತ್ತೆ ಹೊಲಿಗೆ! ಇನ್ನೊಂದು ಕೌದಿಯೇ ಇತ್ತು ಅಲ್ಲಿ, 6 ಅಡಿಗೆ ನಾಲ್ಕೂವರೆ ಅಡಿ. ಅವ್ವನ ಹೊಲಿಗೆ ಇಂಚಿಗೆ ಮೂರು ಟಾಕಿ. ಒಳಗಿನದರಲ್ಲಿ ಇಂಚಿಗೆ ನಾಲ್ಕು, ಕೆಲವು ಕಡೆ ಐದು, ಸಾಲು ಸಾಲಿಗೆ ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿ, "ಅದು ನಿಮ್ಮ ಆಯಿ ಕೈ" ಅಂದಳು. ಆಯಿ ಅಂದರೆ ನಮ್ಮ ಅಜ್ಜಿ. ಅವಳಿಗೂ ಅದು ಒಳಗಿದೆ ಅನ್ನುವುದು ಮರೆತುಹೋಗಿತ್ತು.

ಆ ಒಳಕೌದಿಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಅಲ್ಲಿ ಬೆರಳು ತೂರಿಸಿ ನೋಡಿದೆ. ಅಜ್ಜ ತಲೆಗೆ ಸುತ್ತುತ್ತಿದ್ದ ಪಟಕಾದ ತೆಳು ಮಲಮಲ್ಲು, ಅದರ ಕೆಳಗೆ ಹಿಟ್ಟಿನ ಚೀಲದ ಒರಟು ಬಟ್ಟೆ, ಅದರ ಮೇಲೆ ನೀಲಿ ಮುದ್ರೆಯ ಅರ್ಧ ಅಳಿಸಿದ ಅಂಕಿ. ಹೊರಗೆ ಕಾಣುವ ದಾರ ಚಹಾದ ಬಣ್ಣಕ್ಕೆ ತಿರುಗಿತ್ತು. ಅದೇ ದಾರ ಪದರದೊಳಗೆ ಹೊಕ್ಕಲ್ಲಿ ಇನ್ನೂ ಕುಂಕುಮಗೆಂಪು. ಅಷ್ಟು ವರ್ಷ ಬೆಳಕೇ ಕಂಡಿರಲಿಲ್ಲ ಆ ಎಳೆ.

ಇದನ್ನೂ ಬಿಚ್ಚಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಒಳಗೆ ಇನ್ನೇನಿದೆ ನೋಡುವ ಆಸೆ ಬಹಳ ಇತ್ತು. ಆದರೆ ಹೊಲಿಗೆ ಗಟ್ಟಿಯಿದೆ, ಪದರ ಸರಿದಿಲ್ಲ. ಬರೀ ಕುತೂಹಲಕ್ಕೆ ಆಯಿಯ ಹೊಲಿಗೆ ಕತ್ತರಿಸಲು ಕೈ ಬರಲಿಲ್ಲ. ಬಿಟ್ಟ ಮೂಲೆಗೆ ಒಂಬತ್ತು ಟಾಕಿ ಹಾಕಿ, ಹಾಗೇ ಇಟ್ಟುಕೊಂಡೆ. ತೂಕ 1 ಕೆಜಿ 250 ಗ್ರಾಂ. ಹೊಸ ಕೌದಿಯ ಹೊಟ್ಟೆ ಇದು.

ಅರಿವೆ ಆರಿಸಿದ್ದು, ಒಗೆದದ್ದು

ಕೌದಿಗೆ ಹತ್ತಿ ಅರಿವೆಯೇ ಬೇಕು ಅನ್ನುವುದರಲ್ಲಿ ನಾನು ಹಟಮಾರಿ. ಪಾಲಿಸ್ಟರ್ ಸೀರೆ ಹರಿಯುವುದಿಲ್ಲ, ಬಣ್ಣ ಹೋಗುವುದಿಲ್ಲ, ಒಪ್ಪಿದೆ. ಆದರೆ ಅದು ಬೆವರು ಹೀರುವುದಿಲ್ಲ, ಪಕ್ಕದ ಪದರದ ಮೇಲೆ ಜಾರುತ್ತದೆ. ಜಾರುವ ಪದರವನ್ನು ಹೊಲಿಗೆಯೊಂದೇ ಹಿಡಿದಿಡಬೇಕಾಗುತ್ತದೆ. ಹತ್ತಿಯಾದರೆ ಒಂದಕ್ಕೊಂದು ಕಚ್ಚಿ ಕೂರುತ್ತದೆ, ದಾರಕ್ಕೆ ಅರ್ಧ ಭಾರ ಇಳಿಯುತ್ತದೆ. ಯಾವುದು ಏನು ಎಂದು ಅನುಮಾನ ಬಂದರೆ ಒಂದು ಎಳೆ ಕಿತ್ತು ಕಡ್ಡಿ ಗೀರಿ. ಹತ್ತಿ ಕಾಗದದ ವಾಸನೆ ಕೊಟ್ಟು ಉರಿದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಸಿಕ್ಕಿದ ಏಳು ಸೀರೆಗಳಲ್ಲಿ ನಾಲ್ಕು ಹೀಗೆ ಹೊರಗೆ ಹೋದವು.

ಉಳಿದದ್ದು ಮೂರು. ಹಿಂಬದಿಗೆ ಒಂದು ಸಾದಾ ಹತ್ತಿ ಸೀರೆ. ಮೇಲ್ಮೈಗೆ ಎರಡು ಇಳಕಲ್ ಸೀರೆ. ಅವುಗಳಲ್ಲಿ ಒಂದು ಅವ್ವನದು, ಇನ್ನೊಂದು ಪಕ್ಕದ ಮನೆಯ ದೊಡ್ಡವ್ವ ಕೊಟ್ಟದ್ದು. ಒಳಗೆ ಸೇರಿಸಲು ಎರಡು ಧೋತರ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಲ್ಲಿ ತೆಳುವಾಗಿದೆ ಕಂಡೇ ಬಿಡುತ್ತದೆ. ಸಾಮಾನ್ಯವಾಗಿ ಕೂರುವ ಜಾಗ, ಮೊಣಕಾಲು ತಾಗುವ ಜಾಗ, ಪಾದದ ಮೇಲಿನ ದಡಿ. ಸೆರಗಿನ ಕಡೆ ಹೊಸದರಂತೆಯೇ ಇರುತ್ತದೆ. ಕಂಡದ್ದು ಸಾಲದು, ಎರಡು ಹೆಬ್ಬೆರಳು ಊರಿ ಎರಡು ಕಡೆಗೆ ಜಗ್ಗಬೇಕು. ಟರ್ ಅಂದರೆ ಆ ತುಂಡು ಬೇಡ.

ಇಳಕಲ್ ಸೀರೆಯ ಒಡಲು ಮತ್ತು ಸೆರಗಿನ ಹಾಸು, ಅಂದರೆ ನೇಯ್ಗೆಯ ಉದ್ದೆಳೆ, ಬೇರೆ ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ದೊಡ್ಡವ್ವನ ಸೀರೆಯಲ್ಲಿ ಒಡಲು ಜಾಳಾಗಿತ್ತು, ಕೊಂಡಿ ಕೂಡಿದ ಗೆರೆ ಮಾತ್ರ ಅಲ್ಲಾಡಿರಲಿಲ್ಲ. ಆ ಗೆರೆಯ ಮೇಲೆ ಕತ್ತರಿ ಹಾಕಬಾರದೆಂದು ಅದು ತುಂಡಿನ ನಡುವೆ ಬರುವ ಹಾಗೆ ಸೀಳಿದೆ. ಹೌದು, ಸೀಳಿದ್ದೇ. ಅಂಚಿಗೆ ಸಣ್ಣ ಕಚ್ಚು ಕೊಟ್ಟು ಎರಡು ಕೈಯಿಂದ ಸೀಳಿದರೆ ಅರಿವೆ ಎಳೆಯ ನೇರಕ್ಕೇ ಹೋಗುತ್ತದೆ. ಕತ್ತರಿಯಿಂದ ಎಷ್ಟು ಜೋಪಾನ ಮಾಡಿದರೂ ಸೊಟ್ಟ ಬರುತ್ತದೆ, ಸೊಟ್ಟ ತುಂಡು ಹೊಲಿಗೆಯಲ್ಲಿ ಹಿಗ್ಗುತ್ತದೆ.

ಒಗೆಯುವಲ್ಲಿ ತಪ್ಪು ಮಾಡಿದೆ. ದೊಡ್ಡವ್ವನ ಸೀರೆ ಟ್ರಂಕಿನಲ್ಲೇ ಹೆಚ್ಚು ಕಾಲ ಇದ್ದದ್ದು, ನೀರು ಕಂಡದ್ದು ಕಡಿಮೆ. ಅದನ್ನು ಧೋತರಗಳ ಜೊತೆಗೆ ಒಂದೇ ಬಕೀಟಿನಲ್ಲಿ ನೆನೆಹಾಕಿ ಚಹಾ ಕುಡಿದು ಬಂದೆ. ಬಂದು ನೋಡಿದರೆ ಎರಡು ಧೋತರವೂ ದಾಸವಾಳದ ಬಣ್ಣ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಎರಡು ಹಿಡಿ ಉಪ್ಪು ಹಾಕಿ ರಾತ್ರಿಯಿಡೀ ಇಟ್ಟೆ, ಬೆಳಿಗ್ಗೆ ನೀರು ಅಷ್ಟೇ ಕೆಂಪು. ಕೊನೆಗೆ ಕೆಲಸ ಮಾಡಿದ್ದು ತಣ್ಣೀರು ಮತ್ತು ತಾಳ್ಮೆ. ಸೀರೆಯೊಂದನ್ನೇ ಬೇರೆ ನೀರಿನಲ್ಲಿ ಐದು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಬಿಳೀ ಅರಿವೆ ಒದ್ದೆ ಮಾಡಿ ಅದರ ಮೇಲೆ ಉಜ್ಜಿ ನೋಡಿದೆ, ಕಲೆ ಬರಲಿಲ್ಲ. ಧೋತರಗಳು ಗುಲಾಬಿಯಾಗಿಯೇ ಉಳಿದವು. ಒಳಗೆ ಹೋಗುವ ಅರಿವೆ ಯಾವ ಬಣ್ಣವಿದ್ದರೂ ನಡೆಯುತ್ತದೆ. ಆದರೆ ಅಪ್ಪ ಒಂದು ಹನಿ ಕಲೆ ಬೀಳದ ಹಾಗೆ ಉಡುತ್ತಿದ್ದ ಧೋತರ ಅವು. ಹಗ್ಗದ ಮೇಲೆ ಒಣಗುವುದನ್ನು ನೋಡುವಾಗ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಮಷೀನಿನಲ್ಲಿ ಕೆಟ್ಟ ಮೂರು ದಿನ

ಬೇಗ ಮುಗಿಯಲಿ ಅಂತ ಮೊದಲು ಕಾಲಿನ ಮಷೀನಿಗೆ ಕೂತೆ. ತುಂಡುಗಳನ್ನೆಲ್ಲ ಕೂಡಿಸಿ 7 ಅಡಿಗೆ 5 ಅಡಿಯ ಒಂದು ಪೂರ್ತಿ ಮೇಲ್ಮೈ ತಯಾರು ಮಾಡಿದೆ. ಅದು ಚಂದವೇ ಬಂತು. ಆಮೇಲೆ ಹಿಂಬದಿ, ಧೋತರ, ಆಯಿಯ ಕೌದಿ, ಇನ್ನೊಂದು ಧೋತರ, ಮೇಲ್ಮೈ ಎಲ್ಲ ಜೋಡಿಸಿ, ಪಿನ್ನು ಚುಚ್ಚಿ, ಸೂಜಿ 18ನೇ ನಂಬರಿಗೆ ಬದಲಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಗೆರೆ ಹೊಡೆದೆ.

ಮೊದಲ ಗೆರೆ ಮುಗಿಯುವಾಗ ತುದಿಯಲ್ಲಿ ಮೇಲ್ಮೈ ಅರ್ಧ ಇಂಚು ಹೆಚ್ಚು ಉಳಿಯಿತು. ಮೂರನೇ ಗೆರೆಗೆ ಒಂದು ಇಂಚು. ಆರನೆಯದಕ್ಕೆ ಒಂದೂವರೆ ಇಂಚು, ನಡುವೆ ಮಡಿಕೆ ಬಿದ್ದು ಸಿಕ್ಕಿಕೊಂಡು ಸೂಜಿ ಮುರಿಯಿತು. ಮಷೀನಿನ ಗುಣವೇ ಹಾಗೆ. ಕೆಳಗಿನ ಹಲ್ಲು ತಳದ ಅರಿವೆಯನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿಂದ ಒತ್ತುವ ಪಾದ ಮೇಲ್ಮೈಯನ್ನು ತಡೆದು ನಿಲ್ಲಿಸುತ್ತದೆ. ಎರಡು ಪದರಕ್ಕೆ ಅದು ಗೊತ್ತಾಗುವುದಿಲ್ಲ. ಇಷ್ಟು ದಪ್ಪಕ್ಕೆ ಪ್ರತಿ ಟಾಕಿಗೂ ಕೂದಲೆಳೆಯಷ್ಟು ಸರಿದು, 5 ಅಡಿ ಮುಗಿಯುವಷ್ಟರಲ್ಲಿ ಇಂಚಾಗುತ್ತದೆ.

ಇನ್ನೊಂದೂ ಕಂಡಿತು. ಮಷೀನಿನ ಟಾಕಿ ಒತ್ತೊತ್ತು, ಬಿಗಿ. ಸವೆದ ಇಳಕಲ್ ಅರಿವೆಯಲ್ಲಿ ಅದು ತೂತುಗಳ ಒಂದು ಸಾಲು ಕೊರೆದ ಹಾಗೆ. ಬಿಚ್ಚಲು ಕೂತಾಗ ಎರಡು ಕಡೆ ಸಾಲಿನ ಉದ್ದಕ್ಕೇ ಸೀಳಿತು, ಅಂಚೆಚೀಟಿ ಹರಿದ ಹಾಗೆ. ಹೊಸ ಬಟ್ಟೆಗೆ ಮಷೀನು ಬೇಡ ಅನ್ನುವುದಿಲ್ಲ. ಮೂವತ್ತು ವರ್ಷ ಉಟ್ಟ ಸೀರೆಗೆ ಅದು ತಕ್ಕದ್ದಲ್ಲ.

ಬಿಚ್ಚಿದ್ದು ಒಂದು ದಿನ. ಕೂಡಿಸಿದ ಮೇಲ್ಮೈಯನ್ನೂ ಪೂರ್ತಿ ಬಿಡಿಸಿ ಮತ್ತೆ ತುಂಡುಗಳ ರಾಶಿ ಮಾಡಿದೆ. ಅದೇ ವಾರ ಅವ್ವ ಹತ್ತು ದಿನ ಇರುವುದಕ್ಕೆಂದು ಬಂದಳು.

ಅಂಚಿನಿಂದ ಒಳಕ್ಕೆ

ಅವಳು ನೆಲದ ಮೇಲೆ ಕೂತು ಕೇಳಿದ ಮೊದಲ ಮಾತು, "ಮ್ಯಾಲಿನ ಅರಿವಿ ಮೊದಲ ಯಾಕ ಕೂಡಿಸಿದಿ? ಕೌದಿ ಹಂಗ ಹೊಲಿಯೂದಲ್ಲ. ತುಂಡ ಇಟಗೋತ ಹೊಲಕೋತ ಹೋಗಬೇಕ."

ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ (ಅವರ ಕೌದಿ) ಹೊಲಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೆ. ಅವರೂ ಹೀಗೆಯೇ. ಮೇಲ್ಮೈ ಅಂತ ಬೇರೆ ಮಾಡಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರುಮಾಡಿ, ತುಂಡಿನ ಅಂಚು ಮಡಚಿ ಇಟ್ಟು, ಅದನ್ನೂ ಒಳಪದರವನ್ನೂ ಹಿಂಬದಿಯನ್ನೂ ಒಂದೇ ಹೊಲಿಗೆಯಲ್ಲಿ ಹಿಡಿದು, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಆವತ್ತು ಬಣ್ಣ ನೋಡಿ ಮರುಳಾಗಿ, ಕೈ ಹೇಗೆ ಓಡುತ್ತಿದೆ ಅನ್ನುವುದನ್ನು ಗಮನಿಸಿರಲಿಲ್ಲ. ಅವ್ವ ತೋರಿಸಿದಾಗ ಅದೂ ಇದೂ ಒಂದೇ ಅಂತ ಹೊಳೆಯಿತು.

ಇದರ ಮರ್ಮ ಇಷ್ಟೇ. ಪೂರ್ತಿ ಮೇಲ್ಮೈ ಮೊದಲೇ ಸಿದ್ಧವಿದ್ದರೆ ಅಂಚಿನಿಂದ ಹೊಲಿಯಬಾರದು, ಸಡಿಲವೆಲ್ಲ ನಡುವಿಗೆ ಬಂದು ಹೊಟ್ಟೆ ಬರುತ್ತದೆ. ಅದಕ್ಕೇ ದೊಡ್ಡ ರಜಾಯಿ ಹೊಲಿಯುವವರು ನಡುವಿನಿಂದ ಹೊರಕ್ಕೆ ಹೋಗಿ ಅನ್ನುತ್ತಾರೆ. ಕೌದಿಯಲ್ಲಿ ಮೇಲ್ಮೈ ಇನ್ನೂ ಹುಟ್ಟಿಯೇ ಇರುವುದಿಲ್ಲ. ಒಂದು ತುಂಡು ಕೂತ ಮೇಲೆ ಉಳಿದ ಸಡಿಲವನ್ನು ಪಕ್ಕದ ತುಂಡು ತನ್ನ ಮಡಿಕೆಯಲ್ಲಿ ನುಂಗುತ್ತದೆ. ಹೀಗೆ ಎಲ್ಲಿಯ ಸಡಿಲ ಅಲ್ಲಿಗೇ ತೀರುತ್ತ ಹೋಗುತ್ತದೆ.

ಹಾಗಂತ ಹಿಂಬದಿ ಒಂದೇ ಅರಿವೆಯಲ್ಲವೇ? ಅದಕ್ಕೆ ಬೇರೆ ಉಪಾಯ. ಸೀರೆಯ ಅಗಲ 4 ಅಡಿಯ ಆಸುಪಾಸು, ಬೇಕಾದದ್ದು 5. ಉಳಿದ ಭಾಗದಿಂದ ಉದ್ದನೆಯ ಪಟ್ಟಿ ಸೀಳಿ ಒಂದು ಬದಿಗೆ ಕೂಡಿಸಿದೆ. ನಾಲ್ಕು ಕಡೆ ಎರಡೆರಡು ಇಂಚು ಹೆಚ್ಚು ಬಿಟ್ಟೆವು. ಅದನ್ನು ತಿರುವಿ ಹರವಿ, ಸುತ್ತಲೂ ಒರಳುಗುಂಡು, ತೂಕದ ಕಲ್ಲು, ನೀರು ತುಂಬಿದ ತಂಬಿಗೆ ಇಟ್ಟು ಅವ್ವ ಬಿಗಿ ಮಾಡಿದಳು. ಮೇಲೆ ಒಂದು ಧೋತರ. ಅದರ ಮೇಲೆ ಆಯಿಯ ಕೌದಿ, ಸರಿಯಾಗಿ ನಡುವೆ. ಅದು ಸುತ್ತಲೂ ಚಿಕ್ಕದಿದ್ದುದರಿಂದ ಅಂಚಿನಲ್ಲಿ ಮೆಟ್ಟಿಲು ಬಿದ್ದ ಹಾಗೆ ಆಯಿತು. ಆ ಖಾಲಿ ಜಾಗಕ್ಕೆ ಧೋತರದ ಪಟ್ಟಿಗಳನ್ನು ಮೂರು ನಾಲ್ಕು ಪದರ ಮಡಚಿ ತುಂಬಿದೆವು, ಕೈಯಾಡಿಸಿದರೆ ಎಲ್ಲಿಯೂ ಏರಿಳಿತ ಸಿಗದ ಹಾಗೆ. ಈ ಕೆಲಸವನ್ನು ಅವಸರದಲ್ಲಿ ಮಾಡಿದರೆ ಆಮೇಲೆ ಸರಿಪಡಿಸಲು ಬರುವುದಿಲ್ಲ. ಅರ್ಧ ದಿನ ಬರೀ ಇದಕ್ಕೇ ಹೋಯಿತು. ಎಲ್ಲದರ ಮೇಲೆ ಎರಡನೇ ಧೋತರ ಹೊದಿಸಿ, ಗೇಣು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಟಾಕಿ ಹಾಕಿ ಪದರಗಳನ್ನು ಹಿಡಿದಿಟ್ಟೆವು. ಆಮೇಲೆ ಕಲ್ಲು ತೆಗೆದರೂ ಏನೂ ಕದಲಲಿಲ್ಲ.

ದಾರದ ಲೆಕ್ಕ ಹೇಳುತ್ತೇನೆ, ಮಾಡುವವರಿಗೆ ಉಪಯೋಗವಾದೀತು. 7 ಅಡಿಗೆ 5 ಅಡಿ ಅಂದರೆ 84 ಇಂಚಿಗೆ 60 ಇಂಚು. ಸಾಲಿನಿಂದ ಸಾಲಿಗೆ ಎರಡು ಬೆರಳು, ಅಂದರೆ ಒಂದೂಕಾಲು ಇಂಚು ಬಿಟ್ಟರೆ 24 ಸುತ್ತು ಬರುತ್ತವೆ. ಹೊಲಿಗೆಯ ಒಟ್ಟು ಉದ್ದ ಸುಮಾರು 336 ಅಡಿ, ನೂರು ಮೀಟರಿಗೆ ತುಸು ಹೆಚ್ಚು. ಎರಡೆಳೆ ದಾರ, ಗಂಟು, ವ್ಯರ್ಥ ಎಲ್ಲ ಸೇರಿ 240 ಮೀಟರು ಹಿಡಿದುಕೊಳ್ಳಬೇಕು. ಕಸೂತಿಗೆ ಬಳಸುವ ಆಂಕರ್ ದಾರದ ಲಡಿಯಲ್ಲಿ ಬರುವುದು 8 ಮೀಟರು, ಅದರಲ್ಲಿ ಕೌದಿ ಹೊಲಿದರೆ ಕೈ ಸುಡುತ್ತದೆ. ನಾನು ಕ್ರೋಶಾ ಹಾಕುವ ಹತ್ತಿ ನೂಲಿನ ಉಂಡೆ ತಂದೆ, ಕೆಂಪು. ಸಣ್ಣಗೆ ಹೊಸೆದ ನೂಲು, ಜಗ್ಗಿದರೆ ಕಡಿಯುವುದಿಲ್ಲ. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಪದರದೊಳಗೆ ಸಲೀಸಾಗಿ ಜಾರುತ್ತದೆ, ಸಿಕ್ಕು ಬೀಳುವುದೂ ಕಡಿಮೆ. ಒಂದು ಸಲಕ್ಕೆ ಮೂರು ಮೊಳಕ್ಕಿಂತ ಉದ್ದದ ದಾರ ಬೇಡ. ಸೂಜಿ ಎರಡು ಇಂಚಿನದು, ಕಣ್ಣು ದೊಡ್ಡದಿರಬೇಕು. ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ.

ಶುರುವಿಗೆ ಮೂಲೆಗಳು. ಹೊಲಿದ ರವಿಕೆಗಳಲ್ಲಿ ಉಳಿದ ಗುಳೇದಗುಡ್ಡದ ಖಣದ ಚೂರುಗಳನ್ನು ಕೂಡಿಟ್ಟಿದ್ದೆ. ಚೌಕವನ್ನು ಕರ್ಣಕ್ಕೆ ಮಡಚಿ ತ್ರಿಕೋನ ಮಾಡಿ, ನಾಲ್ಕು ಮೂಲೆಗೆ ಒಂದರ ಮೇಲೊಂದು ಎರಡೆರಡು ಇಟ್ಟೆ. ಸಿದ್ದಿಯರ ಕವಂದಿಯ ಮೂಲೆಗೆ ಹೀಗೆ ಮಡಚಿದ ತ್ರಿಕೋನಗಳಿರುತ್ತವೆ, ಅದಕ್ಕೆ ಫುಲಾ ಅನ್ನುತ್ತಾರೆ. ಅದನ್ನು ನೋಡಿ ಕಲಿತದ್ದೇ ನಾನು ಇಲ್ಲಿ ಇಟ್ಟದ್ದು. ಚಂದಕ್ಕೆ ಮಾತ್ರವಲ್ಲ, ಎಳೆದು ಝಾಡಿಸುವಾಗ ಕೈ ಹಾಕುವುದು ಮೂಲೆಗೇ, ಅಲ್ಲಿ ದಪ್ಪ ಇದ್ದರೆ ಒಳ್ಳೆಯದು. ಖಣದ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ. ಒಂದು ಮಡಿಕೆ ಸಾಲದು, ಎರಡು ಸಲ ಮಡಚಬೇಕು.

ಮೊದಲ ಸುತ್ತಿನಲ್ಲಿ ಹಿಂಬದಿಯ ಹೆಚ್ಚುವರಿ ಎರಡಿಂಚನ್ನು ಮೇಲಕ್ಕೆ ತಿರುವಿ, ಅದರ ಮೇಲೆ ಇಳಕಲ್ ದಡಿಯ ಪಟ್ಟಿ ಇಟ್ಟು, ಅಂಚು ಕಟ್ಟುತ್ತ ಹೋದೆವು. ಸವೆಯುವುದು ಅಂಚೇ ಮೊದಲು, ಸೀರೆಯಲ್ಲಿ ಗಟ್ಟಿಯಾದದ್ದು ದಡಿ. 24 ಅಡಿ ಸುತ್ತಳತೆ, ಒಂದು ಸುತ್ತು ಮುಗಿಯಲು ಇಬ್ಬರಿಗೂ ಒಂದು ಸಂಜೆ ಬೇಕಾಯಿತು.

ಅವ್ವನ ಕೈ ನೋಡಬೇಕು. ಎಡಗೈ ಕೌದಿಯ ಕೆಳಗೆ, ಬಲಗೈ ಮೇಲೆ. ಸೂಜಿ ಇಳಿದ ಕೂಡಲೇ ಕೆಳಗಿನ ಬೆರಳಿಗೆ ಅದರ ಮೊನೆ ತಾಗುತ್ತದೆ, ತಾಗಿದ್ದೇ ತಡ ಮೇಲಕ್ಕೆ ದೂಡುತ್ತಾಳೆ. ಹೀಗೆ ಸೂಜಿಯ ಮೇಲೆ ನಾಲ್ಕು ಟಾಕಿ ಪೋಣಿಸಿಕೊಂಡು ಒಮ್ಮೆಲೇ ಎಳೆಯುತ್ತಾಳೆ. ಎಳೆದ ಮೇಲೆ ಹೆಬ್ಬೆರಳಿನಿಂದ ಹೊಲಿಗೆಯ ಮೇಲೆ ಒಂದು ಸಲ ಸವರಿ ದಾರವನ್ನು ಸಡಿಲಿಸುತ್ತಾಳೆ. ಈ ಸವರುವುದು ನನಗೆ ಮೊದಲು ಕಾಣಿಸಲೇ ಇಲ್ಲ. ನನ್ನ ಮೂರು ಅಡಿ ಹೊಲಿಗೆ ಸುಕ್ಕುಸುಕ್ಕಾಗಿ, ಅವಳದು ಹಾಸಿದಂತೆ ಯಾಕಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು. "ದಾರಾ ಬಿಗೀಬಾರದ ಯವ್ವಾ. ಕೌದಿ ಮ್ಯಾಲ ಮನಶ್ಯಾ ಹೊಳ್ಳತಾನ, ಹೊಳ್ಳಿದಾಗ ದಾರಕ್ಕ ಹೋಗಾಕ ಜಾಗಾ ಬೇಕ." ಬಿಗಿದ ದಾರ ಮಗ್ಗುಲು ಬದಲಿಸಿದಾಗ ಕಡಿಯುತ್ತದೆ, ಇಲ್ಲವೇ ಅರಿವೆಯನ್ನು ಕೊಯ್ಯುತ್ತದೆ.

ಆ ಮೂರು ಅಡಿಯನ್ನು ಬಿಚ್ಚಿ ಮತ್ತೆ ಹೊಲಿದೆ.

ಕಸೂತಿ ಬಲ್ಲವರಿಗೆ ಇದು ಅದರ ಗವಂತಿ ಹೊಲಿಗೆಯ ಅರ್ಧ ಅನ್ನಿಸಬಹುದು. ಗವಂತಿಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತೇವೆ, ಕೌದಿಯಲ್ಲಿ ತಿರುಗಿ ಬರುವುದಿಲ್ಲ. ಎರಡರಲ್ಲೂ ಒಂದು ಶಿಸ್ತು ಸಮಾನ: ಗಂಟು ಕಣ್ಣಿಗೆ ಬೀಳಬಾರದು. ದಾರ ತೀರಿದಾಗ ಕಚ್ಚಿ ಗಂಟು ಹಾಕದೆ, ತುದಿಯನ್ನು ಪದರದೊಳಗೆ ಎರಡು ಇಂಚು ಓಡಿಸಿ ಬಿಡುತ್ತಿದ್ದೆವು.

ಐದನೇ ಸುತ್ತಿನ ಹೊತ್ತಿಗೆ ಬೆರಳ ತುದಿಯ ಚರ್ಮ ಗಡುಸಾಯಿತು. ಅಂಗುಸ್ತಾನ ಹಾಕಿಕೊಂಡರೆ ಬಲಗೈಗೆ ಆಸರೆ, ಎಡಗೈಗೆ ಏನೂ ಹಾಕುವ ಹಾಗಿಲ್ಲ, ಹಾಕಿದರೆ ಮೊನೆ ತಾಗಿದ್ದು ಗೊತ್ತಾಗುವುದಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಸವರಿ ಮಲಗುತ್ತಿದ್ದೆ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಉರಿಯುತ್ತಿತ್ತು.

ಹತ್ತನೇ ದಿನ ಅವ್ವ ಊರಿಗೆ ಹೊರಟಳು. ಆಗ 14 ಸುತ್ತು ಆಗಿತ್ತು. ಹೊರಗಿನ ಸುತ್ತುಗಳೇ ದೊಡ್ಡವು, ಹಾಗಾಗಿ ಹೆಚ್ಚಿನ ಕೆಲಸ ಮುಗಿದಿತ್ತು. ಉಳಿದದ್ದು ನಾನೊಬ್ಬಳೇ, ದಿನಕ್ಕೆ ಒಂದು ತಾಸು, ಒಂದೂವರೆ ತಾಸು. ಅವಳ ಸಾಲು ನನ್ನ ಸಾಲು ಎಲ್ಲಿ ಬದಲಾಗುತ್ತದೆ ಎಂದು ಕೈಯಾಡಿಸಿದರೆ ಈಗಲೂ ತಿಳಿಯುತ್ತದೆ. ಅವಳದು ಇಂಚಿಗೆ ಮೂರು ತಪ್ಪುವುದಿಲ್ಲ. ನನ್ನದು ಎರಡೂವರೆಯಿಂದ ಶುರುವಾಗಿ ಕೊನೆಗೆ ಮೂರಕ್ಕೆ ಬಂದು ನಿಂತಿದೆ.

ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದು ಅಡ್ಡಮಳೆ ಹೊಡೆಯಿತು. ಕಿಟಕಿ ಹಾಕುವಷ್ಟರಲ್ಲಿ ಒಂದು ಬದಿ ನೆನೆಯಿತು. ಎದೆ ಧಸಕ್ಕೆಂದಿತು, ಕೆಂಪು ಬಿಟ್ಟಿತೇ ಅಂತ. ಮರುದಿನ ಬಿಸಿಲಿಗೆ ಹಾಕಿ ನೋಡಿದೆ. ಬಿಟ್ಟಿರಲಿಲ್ಲ. ಐದು ಸಲ ತೊಳೆದದ್ದು ಸಾರ್ಥಕವಾಯಿತು.

ನಡುವಿನ ತುಂಡು

ಕೊನೆಯ ನಾಲ್ಕು ಸುತ್ತು ಬರುವಾಗ ನಡುವೆ ಉದ್ದನೆಯ ಕಿಟಕಿಯಂಥ ಜಾಗ ಉಳಿಯಿತು, ಸುಮಾರು 34 ಇಂಚಿಗೆ 10. ಹಿಂಬದಿಯಲ್ಲಿ ಅಲ್ಲಿಗೆ ಸ್ವಲ್ಪ ಸಡಿಲ ಬಂದು ಸೇರಿತ್ತು. ಬಹಳವಲ್ಲ, ಚಿಟಿಕೆ ಹಿಡಿದರೆ ಅರ್ಧ ಇಂಚು ಬರುವಷ್ಟು. ಫೋನಿನಲ್ಲಿ ಅವ್ವನನ್ನು ಕೇಳಿದೆ. "ನೀರ ಚಿಮುಕಿಸಿ ಕೈಲೆ ಸವರು, ಮ್ಯಾಲಿನ ತುಂಡು ಹೊಂಗಿ ಹೊಂಗಿ ಇಡು" ಅಂದಳು. ಅಂದರೆ ಮೇಲಿನ ತುಂಡನ್ನೂ ಅಷ್ಟೇ ಸಡಿಲ ಬಿಟ್ಟು, ಎರಡನ್ನೂ ಸಮ ಮಾಡಿಕೊಳ್ಳುತ್ತ ಹೊಲಿ ಎಂದು. ದೊಡ್ಡವ್ವನ ಸೀರೆಯ ಸೆರಗಿನ ಭಾಗವನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೆ. ಕೆಂಪಿನ ಮೇಲೆ ಬಿಳಿ ಗೋಪುರಗಳ ತೋಪ ತೆನಿ ವಿನ್ಯಾಸ, ಅದರ ಪಕ್ಕಕ್ಕೆ ಕೊಂಡಿ ಕೂಡಿದ ಗೆರೆ, ಆ ಗೆರೆಯ ಆಚೆ ಒಂದು ಗೇಣು ಹಸಿರು ಒಡಲು. ನೀರು ಚಿಮುಕಿಸಿದೆ, ಸವರಿದೆ, ಟಾಕಿ ಟಾಕಿಗೂ ಕೆಳಗೆ ಬೆರಳಿಟ್ಟು ನೋಡಿದೆ. ನಾಲ್ಕು ಸುತ್ತಿಗೆ ಮೂರು ಸಂಜೆ. ಹಿಂಬದಿ ತಿರುವಿ ನೋಡಿದರೆ ಒಂದು ಸಣ್ಣ ನಿರಿಗೆ ಬಿಟ್ಟು ಎಲ್ಲ ಸಮ. ಆ ನಿರಿಗೆಯನ್ನು ಬಿಚ್ಚುವ ಮನಸ್ಸಾಗಲಿಲ್ಲ.

ಕಚ್ಚಾ ಟಾಕಿ ಬಿಚ್ಚಿ, ಎರಡು ದಿನ ಬಿಸಿಲು ಕಾಣಿಸಿ, ತೂಗಿದೆ. 2 ಕೆಜಿ 400 ಗ್ರಾಂ. ಹಳೆಯದಕ್ಕಿಂತ ನೂರು ಗ್ರಾಂ ಹೆಚ್ಚು.

ಜೂನ್ ಮೊದಲ ವಾರ ಅದನ್ನು ಊರಿಗೆ ಒಯ್ದೆ. ದೊಡ್ಡವ್ವ ಬೀಳ್ಕೊಡಲು ಬಾಗಿಲಿಗೆ ಬಂದವಳು ನಡುವಿನ ತುಂಡನ್ನು ಬಹಳ ಹೊತ್ತು ಮುಟ್ಟಿ ನೋಡಿದಳು. "ಇದನ್ನ ನನ್ನ ಮಗನ ಹೆಸರಿಡೂ ದಿನಾ ಉಟ್ಟಿದ್ದೆ" ಅಂದಳು. ಸೀರೆ ಕೊಡುವಾಗ ಆ ಮಾತು ಹೇಳಿರಲಿಲ್ಲ.

ಊರಿನಲ್ಲಿ ಅವ್ವ ಮೊದಲು ನೋಡಿದ್ದು ಮೇಲ್ಮೈಯನ್ನಲ್ಲ. ಮಗುಚಿ ಹಿಂಬದಿ ನೋಡಿದಳು, ನಿರಿಗೆಯ ಮೇಲೆ ಒಂದು ಸಲ ಹೆಬ್ಬೆರಳು ಒತ್ತಿ ಮುಂದೆ ಹೋದಳು. ಆ ರಾತ್ರಿ ಮಳೆ ಬರಲಿಲ್ಲ, ಸೆಕೆಯೇ ಇತ್ತು. ಆದರೂ ಹೊದ್ದುಕೊಂಡು ಮಲಗಿದಳು. ಮಿರಗ ಕೂಡಿದ್ದು ಮೂರು ದಿನ ಬಿಟ್ಟು.

ಇನ್ನು ಉಳಿದಿರುವುದು ದಸರೆಯ ಒಗೆತ. ನಮ್ಮಲ್ಲಿ ಘಟ ಹಾಕುವುದಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಹೋಗುತ್ತವೆ. ಪೂರ್ತಿ ನೀರಿನಲ್ಲಿ ಮುಳುಗಿದಾಗ ದೊಡ್ಡವ್ವನ ಕೆಂಪು ಏನು ಮಾಡುತ್ತದೆ, ಅಂಚಿನ ಪಟ್ಟಿಗಳ ತುಂಬು ಸರಿಯುತ್ತದೆಯೋ ಇಲ್ಲವೋ, ಆವತ್ತು ನೋಡಬೇಕು. ಮಿಕ್ಕ ಇಳಕಲ್ ತುಂಡುಗಳು ಒಂದು ಚೀಲದಲ್ಲಿವೆ. ತಮ್ಮನ ಹೆಂಡತಿಗೆ ಕಾರ್ತೀಕದಲ್ಲಿ ದಿನ ತುಂಬುತ್ತವೆ, ಎರಡು ಅಡಿಗೆ ಮೂರು ಅಡಿಯ ಕೂಸಿನ ಕೌದಿಗೆ ಅಷ್ಟು ಸಾಕು. ಒಳಗೆ ಹಾಕಲು ಗುಲಾಬಿಯಾದ ಧೋತರದ ಒಂದು ಪಟ್ಟಿಯನ್ನು ಎತ್ತಿಟ್ಟಿದ್ದೇನೆ.